ಏಳನೇ ಪಂಜರದ ಇಲಿ

ಮಿದುಳಿನ ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಕರೆಯುವುದು ಇಲಿಯಣ್ಣ ಎಂದೇ. ಇಪ್ಪತ್ತೆರಡು ವರ್ಷದಿಂದ ಪಂಜರ ತೊಳೆದು, ಮರದ ಹೊಟ್ಟು ಹರವಿ, ಒಂದೊಂದು ಇಲಿಯನ್ನೂ ತಕ್ಕಡಿಗಿಡುವ ಮೊದಲು ಅಂಗೈಯಲ್ಲೇ ತೂಗಿ ನೋಡುವ ಆಸಾಮಿ. ಒಂದು ಇಲಿ ಸತ್ತರೆ ಎರಡು ದಿನ ಕಣ್ಣೊರೆಸಿಕೊಳ್ಳುತ್ತಿದ್ದ. ಎಂಥ ಕರುಳಪ್ಪಾ ಇವನದು ಎನ್ನುತ್ತಿದ್ದರು ಜನ. ಅವರೇನು ಅವನ ಮನೆಯೊಳಗೆ ಬಂದು ನೋಡಿದ್ದರೇ?

ಮನೆಯಲ್ಲಿ ಮಗಳಿದ್ದಳು. ಬಟ್ಟೆ ಕಾರ್ಖಾನೆಯಲ್ಲಿ ಎರಡೆರಡು ಪಾಳಿ ಹೊಲಿಯಲೆಂದು ಚುರುಕಿನ ಮಾತ್ರೆ ನುಂಗಿ ನುಂಗಿ ಚಟವಾಗಿ, ಕೊನೆಗೆ ತಾನೇ ಹಠ ಹಿಡಿದು ಬಿಟ್ಟಿದ್ದಳು. ಬಿಟ್ಟು ತಿಂಗಳಾದರೂ ಗೋಡೆ ನೋಡುತ್ತ ಕೂರುವುದು ತಪ್ಪಲಿಲ್ಲ. ಇಷ್ಟದ ಅಡುಗೆ ಮಾಡಿಟ್ಟರೂ ತಟ್ಟೆ ಹಾಗೇ ಆರುತ್ತಿತ್ತು.

"ಬಿಟ್ಟಾಯ್ತಲ್ಲ, ಇನ್ಯಾಕೆ ಈ ನಾಟಕ? ಮೈಗಳ್ಳಿ," ಎಂದು ಅವನು ದಿನಾ ಚುಚ್ಚುತ್ತಿದ್ದ. ಅವಳು ಇನ್ನಷ್ಟು ಗೋಡೆಯತ್ತಲೇ ಹೊರಳಿ ಕೂರುತ್ತಿದ್ದಳು.

ಅದೇ ಹೊತ್ತಿಗೆ ಪ್ರಯೋಗಾಲಯದಲ್ಲೂ ಅಂಥದೇ ಮದ್ದಿನ ಪರೀಕ್ಷೆ. ಹತ್ತು ಇಲಿಗೆ ಎರಡು ವಾರ ದಿನಾ ಮದ್ದಿನ ಸೂಜಿ, ಇನ್ನು ಹತ್ತಕ್ಕೆ ಬರೀ ಉಪ್ಪುನೀರು. ಆಮೇಲೆ ಎಲ್ಲ ನಿಲ್ಲಿಸಿ, ಆಸೆ, ಹುರುಪು ಹುಟ್ಟಿಸುವ ಡೋಪಮಿನ್ ನರಕೋಶಗಳು ಹೇಗಿವೆ ಎಂದು ನೋಡುವುದು. ಸೂಜಿ ಚುಚ್ಚಿ ಹಾಳೆಯಲ್ಲಿ ಗುರುತು ಹಾಕುವುದು ಇಲಿಯಣ್ಣನ ಕೆಲಸ. ಆರನೇ ದಿನ, ಏಳನೇ ಪಂಜರದ ಇಲಿ ನಿಂತಲ್ಲಿ ನಿಲ್ಲದೆ ಗಿರಗಿರ ಸುತ್ತುವುದನ್ನು ಕಂಡು ಅವನ ಕರುಳು ಚುರ್ ಎಂದಿತು. ಅಂದಿನಿಂದ ಅದಕ್ಕೆ ಗುಟ್ಟಾಗಿ ಉಪ್ಪುನೀರು ಚುಚ್ಚಿ, ಹಾಳೆಯಲ್ಲಿ ಮದ್ದು ಎಂದೇ ಗುರುತು ಹಾಕಿದ. ಮನೆಗೆ ಮಾರಿ, ಇಲಿಗೆ ಉಪಕಾರಿ!

ನೋಡುವ ದಿನ ಬಂತು. ಸಂಶೋಧಕಿ ಏಳನೇ ಇಲಿಗೆ ಅರಿವಳಿಕೆ ಕೊಟ್ಟು, ಕೂದಲಿಗಿಂತ ಸಣ್ಣ ತಂತಿಯೊಂದನ್ನು ಅದರ ಮಿದುಳಿಗಿಳಿಸಿದಳು. ಕೋಶ ಕೆಲಸ ಮಾಡುತ್ತಿದ್ದರೆ ಸ್ಪೀಕರಿನಲ್ಲಿ ಟಕ್ ಟಕ್ ಕೇಳಬೇಕು. ಉಪ್ಪುನೀರಿನ ಇಲಿಗಳಲ್ಲಿ ಹೆಜ್ಜೆಹೆಜ್ಜೆಗೂ ಕೇಳಿತ್ತು, ಮದ್ದಿನವುಗಳಲ್ಲಿ ಅಪರೂಪಕ್ಕೊಮ್ಮೆ. ತಾನು ಕಾಪಾಡಿದ ಇಲಿಯಲ್ಲೂ ಹಾಗೇ ಕೇಳುತ್ತದೆ, ಗುಟ್ಟು ರಟ್ಟಾಗುತ್ತದೆ ಎಂದು ಇಲಿಯಣ್ಣ ಬೆವರಿದ. ತಂತಿ ಇಳಿಯುತ್ತಲೇ ಹೋಯಿತು. ಎಲ್ಲೋ ಒಂದು ಟಕ್, ಮತ್ತೆ ಸದ್ದಿಲ್ಲ.

ಇದೂ ಮದ್ದಿನ ಇಲಿಗಳ ಹಾಗೇ ಎಂದು ಅವಳು ಬರೆದುಕೊಳ್ಳಹೊರಟಳು. ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದ. ಆದರೆ ಸುಳ್ಳು ಲೆಕ್ಕ ಬರೆಸಲು ಮನಸ್ಸು ಒಪ್ಪಲಿಲ್ಲ. ಐದೇ ದಿನ ಮದ್ದು ಕೊಟ್ಟದ್ದು, ಮಿಕ್ಕ ಗುರುತೆಲ್ಲ ಸುಳ್ಳು ಎಂದು ತಲೆ ತಗ್ಗಿಸಿ ಒಪ್ಪಿಕೊಂಡ. ಅವಳ ಮುಖ ಬಿಳಿಚಿತು. ಈ ಇಲಿಯನ್ನು ಪರೀಕ್ಷೆಯಿಂದಲೇ ಕೈಬಿಡಬೇಕು, ಮೇಲಿನವರಿಗೆ ಹೇಳಲೇಬೇಕು ಎಂದಳು. ಹೇಳಿ ಎಂದ. ಆಮೇಲೆ, ಮದ್ದು ನಿಲ್ಲಿಸಿ ಇಷ್ಟು ದಿನವಾದರೂ ಯಾಕೆ ಹೀಗೆ ಎಂದು ಕೇಳಿದ.

"ನಿಲ್ಸಿದ ಮೇಲೇ ಅಣ್ಣ ಮಂಕಾಗೋದು. ಮುಂದೆ ತಿಂಡಿ ಇಟ್ರೂ ಆಸೆ ಹುಟ್ಟಲ್ಲ. ಸೋಮಾರಿತನ ಅಲ್ಲ ಅದು."

ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಅವನಿಗೆ. ಸುಳ್ಳು ಗುರುತಿನ ನಾಚಿಕೆ ಎಷ್ಟರದು? ಇಲಿಗೆ ತೋರಿದ ಕನಿಕರದಲ್ಲಿ ಒಂದು ಚಿಟಿಕೆಯನ್ನೂ ಅವನು ಹೆತ್ತ ಮಗಳಿಗೆ ತೋರಿರಲಿಲ್ಲ.

ಮನೆಗೆ ಬಂದಾಗ ಮಗಳು ಗೋಡೆಯತ್ತ ಮುಖ ಮಾಡಿಯೇ ಕೂತಿದ್ದಳು. ಅವಳ ಪಕ್ಕ ನೆಲಕ್ಕೆ ಕೂತು, ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಅಳು ಬಂತು. ತಿಂಗಳ ಮೇಲೆ ಮೊದಲ ಸಲ ಅವಳು ತಿರುಗಿ ಅವನ ಮುಖ ನೋಡಿದಳು.

"ಏನಪ್ಪಾ," ಎಂದು ಮೆಲ್ಲಗೆ ಕೇಳಿದಳು, "ಯಾವುದಾದ್ರೂ ಇಲಿ ಸತ್ತೋಯ್ತಾ?"