ಸಾಹುಕಾರರ ದೊಡ್ಡ ಮೀನು

ಸೇಡು ಕೆಟ್ಟದ್ದು ಎನ್ನುವವರಿಗೆ ಅದರ ರುಚಿ ಗೊತ್ತಿಲ್ಲ. ನನಗೆ ಗೊತ್ತು, ವರ್ಷಗಟ್ಟಲೆ ಕಾದು ಉಂಡಿದ್ದೇನೆ.

ಆಲಮಟ್ಟಿಯ ಹಿನ್ನೀರು ಬೀಳಗಿ ಕಡೆಯ ನಮ್ಮೂರನ್ನು ನುಂಗಿದ ಮೇಲೆ ಅಪ್ಪ ಅದೇ ನೀರಿನಲ್ಲಿ ಬಲೆ ಬೀಸಿ ನಮ್ಮನ್ನು ಸಾಕಿದ. ಆಮೇಲೆ ಮೀನಿನ ಗುತ್ತಿಗೆ ಸಾಹುಕಾರರೊಬ್ಬರ ಪಾಲಾಯಿತು. ಅವರ ಆಳುಗಳು ಅಪ್ಪನ ಬಲೆಯನ್ನು ದಂಡೆಯ ಮೇಲೆಯೇ ಕೊಯ್ದು ಹಾಕಿದರು.

"ಇನ್ನ ಈ ನೀರಿಗೆ ಕಾಲಿಟ್ಟೀಯಂದ್ರ ನೋಡು ಮತ್ತ," ಎಂದರು ಸಾಹುಕಾರರು, ನನ್ನೆದುರಿಗೇ.

ಅಪ್ಪ "ಆತ್ರೀ" ಅಂದ. ಆ ಮಾತು ನನಗೆ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು.

ನಾನಾಗ ಜಮಖಂಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಸಮುದ್ರದ ಮೀನುಗಾರಿಕೆಯ ಪಾಠವೊಂದಿತ್ತು. ಬಲೆಗೆ ಬಿದ್ದ ಮೀನಿನ ತೂಕ ನೋಡಿ ಮೋಸ ಹೋಗಬಾರದು, ಯಾವುದು ಯಾವುದನ್ನು ತಿನ್ನುತ್ತದೆ ಎಂಬ ಸರಪಳಿಯನ್ನು ನೋಡಬೇಕು. ತಿನ್ನುವ ದೊಡ್ಡ ಮೀನು ಮುಗಿದಾಗ ಸಣ್ಣವು ಕೆಲಕಾಲ ಹುಲುಸಾಗಿ ಬುಟ್ಟಿ ತುಂಬುತ್ತವೆ, ನೀರು ಮಾತ್ರ ಬಡವಾಗಿರುತ್ತದೆ. ಪಾಠ ಹೇಳುತ್ತಿದ್ದಾಗಲೇ ಮರಿಯನ್ನೂ ಬಿಡದ ಸಾಹುಕಾರರ ಸೊಳ್ಳೆಪರದೆಯಂಥ ಬಲೆಗಳು ಕಣ್ಣಿಗೆ ಕಟ್ಟಿದವು. ಸಿಕ್ಕಿಬಿದ್ದೆಯಲ್ಲೋ ಮಗನೇ ಅಂದುಕೊಂಡೆ.

ರವಿವಾರ ಬಂತೆಂದರೆ ದಂಡೆಗೆ ಹೋಗಿ ಅವರ ಬುಟ್ಟಿಗಳಲ್ಲಿ ಕಣ್ಣಾಡಿಸುತ್ತಿದ್ದೆ. ಸಣ್ಣ ಮೀನು ತಿಂದು ಬೆಳೆಯುವ ಬಾಳೆ ಮೀನು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತ ಬಂದು ಕೊನೆಗೆ ಕಾಣದಾಯಿತು. ಉಳಿದದ್ದೆಲ್ಲ ಬೆರಳುದ್ದದ್ದು. ಮರುಗಬೇಕಾದವಳು ನಾನು ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಗುತ್ತಿಗೆ ಮುಗಿಯುವ ವರ್ಷ, ದೊಡ್ಡ ಮೀನು ಮುಗಿದುಹೋಗಿವೆ, ಇವರಿಗೆ ಮತ್ತೆ ಕೊಡಬೇಡಿ ಎಂದು ಅರ್ಜಿ ಹಾಕಿದೆ. ತಪಾಸಣೆಗೆ ಅಧಿಕಾರಿಗಳು ಬಂದರು, ಅರ್ಜಿ ಹಾಕಿದವಳೆಂದು ನನ್ನನ್ನೂ ಕರೆಸಿದ್ದರು. ಅವರು ಬಂದಾಗಲೆಲ್ಲ ದಂಡೆಯಲ್ಲೇ ಊಟ. ಆ ದಿನದ ದೊಡ್ಡ ಮೀನನ್ನು ಪರಾತದಲ್ಲಿಟ್ಟು ತೋರಿಸಿಯೇ ಅಡಿಗೆಗೆ ಕೊಡುವುದು ಸಾಹುಕಾರರ ಪದ್ಧತಿ. ಸ್ವತಃ ಅವರು ಮೀನು ಮುಟ್ಟುವವರಲ್ಲ, ಅವರಿಗೆ ಬೇರೆ ಒಲೆ, ಹೋಳಿಗೆ.

"ನೋಡ್ರಿ ಸಾಹೇಬ್ರ, ಮುಂಜಾನಿ ನಮ್ಮ ಬಲಿಗೇ ಬಿದ್ದೈತಿ. ಈ ಅಕ್ಕಾರು ದೊಡ್ಡ ಮೀನ ಇಲ್ಲಂತ ಬರದಾರಲ್ರಿ."

ಪರಾತದಲ್ಲಿ ಸುರಮಯಿ ಮಲಗಿತ್ತು. ಅಪ್ಪಟ ಕಡಲಿನ ಮೀನು. ದೊಡ್ಡದೊಂದು ತಾ ಎಂದು ಆಳನ್ನು ಬೆಳಗಾವಿ ಪೇಟೆಗೆ ಅಟ್ಟಿರಬೇಕು, ಅವನು ಬರ್ಫದಲ್ಲಿಟ್ಟು ತಂದಿರಬೇಕು. ಮೀನು ತಿನ್ನದ ಮನೆಯವರಿಗೆ ಎಲ್ಲ ಮೀನೂ ಒಂದೇ.

"ಸಾವಕಾರ್ರ, ಇದು ಕಾರವಾರದಿಂದ ಘಟ್ಟ ಹತ್ತಿ ಈಜಿಕೋತ ಬಂತೇನ್ರಿ?" ಎಂದು ಕೇಳಿದೆ.

ಅಧಿಕಾರಿಗಳಲ್ಲಿ ಕರಾವಳಿಯವರೊಬ್ಬರಿದ್ದರು. ಬಾಗಿ ನೋಡಿ ನಕ್ಕುಬಿಟ್ಟರು. ಸಾಹುಕಾರರ ಮುಖ ಹುಳ್ಳಗಾಯಿತು. ನನ್ನ ಹೊಟ್ಟೆ ತಣ್ಣಗಾಯಿತು. ಗುತ್ತಿಗೆ ಅವರ ಕೈಬಿಟ್ಟಿತು, ಅಪ್ಪನಂಥವರಿಗೆ ಮತ್ತೆ ಬಲೆ ಬೀಸಲು ಪರವಾನಗಿ ಸಿಕ್ಕಿತು.

ನನಗದು ಸಾಲಲಿಲ್ಲ. ಅಪ್ಪನ ಬಲೆಗೆ ಬಾಳೆ ಮೀನು ಬಿದ್ದ ದಿನ ಅದನ್ನು ಹೊತ್ತು ಸಾಹುಕಾರರ ಕಟ್ಟೆಯ ಮುಂದೆಯೇ ಹಾಯಬೇಕೆಂದು ಕಾದೆ. ಮರುವರ್ಷ ಹೊಸ ನೀರಿಗೆ ಒಂದು ಬಿತ್ತಂತೆ, ತೋಳುದ್ದದ್ದು. ಅಪ್ಪ ಬರಿಗೈಯಲ್ಲಿ ಬಂದ.

"ಹೊಟ್ಟಿ ತುಂಬ ತತ್ತಿ ಇದ್ದುವು. ಬಿಟ್ಟೆ."

"ಅಪ್ಪಾ, ಅದರ ಸಲುವಾಗಿ ಎಷ್ಟು ದಿನದಿಂದ ಕಾಯಾಕತ್ತಿದ್ನಿ ನಾನು."

ಅಪ್ಪ ಒದ್ದೆ ಬಲೆಯನ್ನು ಗೂಟಕ್ಕೆ ಹಾಕಿದ. "ಹೊಳಿಯಾಗ ಅದೊಂದ ಉಳದೈತೋ ಏನೋ ಯವ್ವಾ," ಅಂದ.

ನನ್ನ ಸಿಟ್ಟು ಮಾತ್ರ ಇನ್ನೂ ಇತ್ತು.