ಮುಂದಿನ ಹುಣಸೆ ಬರಲಿ

ಊರ ಕಡೆಯ ನೆಂಟರೊಬ್ಬರು ನಿನ್ನೆ ಒಂದು ಚೀಲ ಹೊಸ ಹುಣಸೆಹಣ್ಣು ಇಟ್ಟುಹೋದರು. ಚೀಲದ ಬಾಯಿ ಬಿಚ್ಚಿದ್ದೇ ತಡ, ಅಡುಗೆಮನೆಯೆಲ್ಲ ಹುಳಿ ವಾಸನೆ. ಓದುತ್ತಿರುವ ನಿಮಗೂ ಬಾಯಲ್ಲಿ ನೀರೂರಿರಬೇಕು. ಊರಲಿ ಬಿಡಿ, ಸಂಕೋಚವೇನು? ನನಗೆ ಮಾತ್ರ ಚೆನ್ನಮ್ಮತ್ತೆಯ ನೆನಪಾಯಿತು.

ಚೆನ್ನಮ್ಮತ್ತೆ ನನಗೆ ಸೋದರತ್ತೆಯೇನಲ್ಲ, ಆನವಟ್ಟಿಯ ನಮ್ಮ ಓಣಿಗೆಲ್ಲ ಅತ್ತೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹಿತ್ತಿಲಲ್ಲಿ ಎರಡು ಹುಣಸೆಮರ. ಐವತ್ತರ ದಶಕದ ಕೊನೆಯ ಮಾತಿದು. ಹಣ್ಣಿನ ಕಾಲದಲ್ಲಿ ಪಡಸಾಲೆಯಲ್ಲಿ ರಾಶಿ ಹಾಕಿಕೊಂಡು, ಮಧ್ಯಾಹ್ನ ಹುಡುಗಿಯರನ್ನು ಕರೆಯುತ್ತಿದ್ದಳು. ಎಂಥ ಹುಡುಗಿಯರು ಅಂತೀರಿ? ಶಾಲೆ ಬಿಡಿಸಿಕೊಂಡು ಕೂಲಿಗೆ ಹೋಗುವವರು, ಮಲತಾಯಿಯ ಕೈಗೆ ಸಿಕ್ಕವರು, ಲಗ್ನ ಗೊತ್ತಾದಂದಿನಿಂದ ಊಟ ಬಿಟ್ಟವರು. ಅತ್ತೆಯದು ಒಂದೇ ಕಟ್ಟಳೆ: ಬೀಜ ತೆಗೆಯುವ ಕೈ ನಿಲ್ಲಬಾರದು, ಕಣ್ಣು ಹಣ್ಣಿನ ಮೇಲೇ ಇರಬೇಕು, ಯಾರೂ ಯಾರ ಮುಖವನ್ನೂ ನೋಡಬಾರದು. 'ಯಾಕೆ' ಎಂದು ಕೇಳುವ ಹಾಗಂತೂ ಇಲ್ಲವೇ ಇಲ್ಲ. ಸ್ವಲ್ಪ ಹೊತ್ತಿಗೆ ಯಾವಳಾದರೂ ಹಣ್ಣಿಗೆ ಹೇಳುವಂತೆ ತನ್ನ ಕಥೆ ಶುರುಮಾಡುತ್ತಿದ್ದಳು. ಈಗ ಇದಕ್ಕೆ ಆಪ್ತಸಮಾಲೋಚನೆ ಎಂಬ ಹೆಸರಿದೆ, ಬಾಗಿಲಿಗೆ ಬೋರ್ಡಿದೆ. ಅತ್ತೆಯ ಬಾಗಿಲಿಗೆ ಬೋರ್ಡೂ ಇರಲಿಲ್ಲ, ಅಗುಳಿಯೂ ಇರಲಿಲ್ಲ.

ಮುಖ ಗಂಟಿಕ್ಕಿಕೊಂಡು ಹೋದ ಮಗಳು ಮಾತಾಡುತ್ತ ಮನೆಗೆ ಬಂದರೆ ತಾಯಂದಿರು ಸುಮ್ಮನಿರುತ್ತಾರೆಯೇ? ಚೆನ್ನಮ್ಮ ಹಣ್ಣಿಗೆ ಮಂತ್ರ ಹಾಕುತ್ತಾಳೆ ಎಂದೇ ಎಲ್ಲರೂ ನಂಬಿದರು. ಒಂದೊಂದು ಉಂಡೆ ಕೇಳಿ ಒಯ್ದು, ಬಟ್ಟೆಯಲ್ಲಿ ಸುತ್ತಿ ಬಾಗಿಲಿಗೆ ಕಟ್ಟಿಕೊಂಡರು. "ಸಾರಿಗೆ ಹಾಕ್ರೇ, ಇರುವೆ ಮುತ್ತತಾವು" ಎಂದು ಅತ್ತೆ ಬೈದದ್ದೇ ಬಂತು.

ನನಗಾಗ ಹದಿನಾಲ್ಕು. ಶಿಕಾರಿಪುರಕ್ಕೆ ಕೊಟ್ಟಿದ್ದ ನನ್ನ ಅಕ್ಕ ಪಾರ್ವತಿ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಮೊದಲ ಮಗು ಇನ್ನೂ ತೊದಲುತ್ತಿತ್ತು. ಅದಕ್ಕೊಬ್ಬ ತಾಯಿ ಬೇಕಲ್ಲ, ನನ್ನನ್ನೇ ಭಾವನಿಗೆ ಕೊಡುವುದೆಂದು ಹಿರಿಯರು ಮಾತಾಡಿಕೊಂಡರು. ಅಂದಿನಿಂದ ನನ್ನ ಬಾಯಿ ಕಟ್ಟಿತು. ಹಠ ಎಂದು ತಿಳಿಯಬೇಡಿ. ಹಠಮಾರಿಯೇ ಹೌದು ನಾನು, ಆದರೆ ಹಠ ಮಾಡುವಾಗ ಓಣಿಗೆಲ್ಲ ಕೇಳುವಂತೆ ಕಿರುಚುತ್ತಿದ್ದವಳು. ಈ ಸಲ ದನಿಯೇ ಏಳಲಿಲ್ಲ. ಅಕ್ಕನೇ ಮೈಗೆ ಸೋಕಿದ್ದಾಳೆ ಎಂದು ಮನೆಯಲ್ಲಿ ಅವಳ ಹೆಸರು ಎತ್ತುವುದನ್ನೇ ಬಿಟ್ಟರು. ಲಗ್ನವಾದರೆ ಎಲ್ಲ ಸರಿಹೋಗುತ್ತದೆ ಎಂದರು.

ಅಪ್ಪ ನನ್ನನ್ನು ಚೆನ್ನಮ್ಮತ್ತೆಯ ಪಡಸಾಲೆಗೆ ಕರೆತಂದ. "ಏನಾರ ಮಂತ್ರಿಸಿ ಕೊಡ್ರಿ, ಅಕ್ಕಾ."

"ಮಂತ್ರ ನಂಗೆ ಬರಲ್ಲಪ್ಪ. ಹಣ್ಣು ಬಾಳ ಐತಿ, ಕೂರ್ಲಿ ಬಿಡು."

ಕೂತೆ. ದಿನವೂ ಹೋಗಿ ಕೂತೆ. ಒಂದು ಮಧ್ಯಾಹ್ನ ಕೈಯಲ್ಲಿ ಹಣ್ಣು ಹಿಡಿದಿದ್ದಾಗ, ನನ್ನದೇ ದನಿ ನನಗೆ ಕೇಳಿಸಿತು: "ಬಸುರಿದ್ದಾಗ ಅಕ್ಕ ಹೊಸ ಹುಣಸೆಹಣ್ಣು ಕಳ್ಸು ಅಂದಿದ್ಲು. ಆಗಿನ್ನೂ ಹಣ್ಣಾಗಿರ್ಲಿಲ್ಲ."

ಅತ್ತೆ ತಲೆಯೆತ್ತಲಿಲ್ಲ. "ಉಪ್ಪು ಹಚ್ಕೊಂಡು ತಿಂತಿದ್ಲೋ, ಬೆಲ್ಲ ಹಾಕಿ ಕುಟ್ಟಿಸ್ಕೊಂತಿದ್ಲೋ?"

"ಬೆಲ್ಲ. ಜೀರಿಗೀನೂ ಹಾಕ್ಬೇಕು ಅವಳಿಗೆ."

ಅಕ್ಕ ಸತ್ತ ಮೇಲೆ ಅವಳ ವಿಷಯ ನನ್ನನ್ನು ಕೇಳಿದವಳು ಅತ್ತೆಯೊಬ್ಬಳೇ. ಬಿಕ್ಕಿ ಬಿಕ್ಕಿ ಅತ್ತು ಹೇಳಿದೆ: "ಅಕ್ಕನ ಮನೀಗೆ ಅಕ್ಕ ಆಗಿ ಹೋಗಾಕೆ ನನ್ನಿಂದ ಆಗಲ್ಲ." ಅತ್ತೆ ತನ್ನ ಮಣೆಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೆಲಸ ಮುಂದುವರಿಸಿದಳು.

ನನಗೆ ಮಾತು ಬಂದ ಸುದ್ದಿ ತಿಳಿದು, ಯುಗಾದಿಯೊಳಗೆ ಲಗ್ನ ಮುಗಿಸುತ್ತೇವೆಂದು ಹೇಳಲು ಅಪ್ಪ ಎಲೆ ಅಡಿಕೆ, ಕಾಯಿ ಹಿಡಿದು ಬಂದ. ಅಲ್ಲಿಯವರೆಗೆ ಮಂತ್ರವಿಲ್ಲ, ಮಣ್ಣಿಲ್ಲ ಎನ್ನುತ್ತಿದ್ದ ಅತ್ತೆ ಎದ್ದು ಒಳಗೆ ಹೋಗಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದು ಕಣ್ಣು ಮುಚ್ಚಿದಳು. "ಈ ಹುಡುಗೀಗೆ ಹಣ್ಣಿನ ಕಟ್ಟು ಹಾಕೀನಿ. ಮುಂದಿನ ಹುಣಸೆ ಬರೋತನ್ಕ ಲಗ್ನದ ಮಾತು ಎತ್ತಿದ್ರೆ ಬಾಯಿ ಮತ್ತೆ ಕಟ್ಟತೈತಿ. ಆಮೇಲೆ ನನ್ನ ಕೇಳಬ್ಯಾಡ."

ಅಪ್ಪ ತಂದ ಎಲೆ ಅಡಿಕೆ, ಕಾಯಿ ಎತ್ತಿಕೊಂಡು ಹಾಗೇ ಹಿಂದಿರುಗಿದ. ನಾನೂ ಕಮ್ಮಿಯವಳಲ್ಲ, ಕಟ್ಟಿನ ಮಹಿಮೆ ಎಲ್ಲರಿಗೂ ತಿಳಿಯಲೆಂದು ಮನೆಯಲ್ಲಿ ಒಂದು ವಾರ ಮತ್ತೆ ಮೂಕಿಯಾದೆ. ಮರುವರ್ಷ ಅಪ್ಪ ಮತ್ತೆ ಹೋದಾಗ, "ಈ ಸಲದ ಹಣ್ಣಿಗೆ ಹುಳ ಬಿದ್ದೈತಿ, ಮುಂದಿನ ಹುಣಸೆ ಬರಲಿ" ಎಂದಳಂತೆ. ಭಾವ ಕಾದು ಬೇಸತ್ತು ತಾಳಗುಂದದ ಕಡೆಯ ಹೆಣ್ಣು ತಂದ. ಒಳ್ಳೆಯ ಹೆಂಗಸು, ಅಕ್ಕನ ಮಗನನ್ನು ಹೊಟ್ಟೆಯ ಮಗನಂತೆ ಸಾಕಿದಳು.

ನಾನು ಓದು ಮುಂದುವರಿಸಿದೆ, ಎಸ್ಸೆಸ್ಸೆಲ್ಸಿ ಪಾಸಾದ ದಿನ ಅತ್ತೆಯ ಮನೆಗೆ ಸಕ್ಕರೆ ಹಿಡಿದು ಓಡಿದೆ. ಅತ್ತೆ ಚಿಟಿಕೆ ಬಾಯಿಗೆ ಹಾಕಿಕೊಂಡು, ತನ್ನ ಕೈಗಳನ್ನೇ ನೋಡುತ್ತ ಹೇಳಿದಳು: "ದೇವರ ಹೆಸರಿನಾಗೆ ಸುಳ್ಳು ಹೇಳೀನಿ. ಅದನ್ನ ಅವನ ಹತ್ರ ನಾನೇ ಮಾತಾಡ್ಕೊಂತೀನಿ. ನಮ್ಮಕ್ಕ ಸತ್ತಾಗ ನಂಗೆ ಹದಿಮೂರು. ಅವಳ ಗಂಡಂಗೇ ಕೊಟ್ರು. ಮುಂದಿನ ವರ್ಷ ನೋಡಾಣ ಅನ್ನೋರು ಒಬ್ರೂ ಇರ್ಲಿಲ್ಲ ನೋಡು." ಮರುಗಳಿಗೆಗೇ, "ಹೋಗು, ಎಲ್ರಿಗೂ ಸಕ್ಕರೆ ಹಂಚು" ಎಂದು ಎಬ್ಬಿಸಿದಳು. ನಾನು ಕುಣಿಯುತ್ತ ಹೋದೆ.

ಇಷ್ಟು ವರ್ಷ ಆ ಪಡಸಾಲೆಯನ್ನು ನೆನೆದಾಗಲೆಲ್ಲ ನನಗೆ ಕಂಡದ್ದು ನಾನೇ. ನಿನ್ನೆ ಮೊದಲ ಬಾರಿಗೆ ಅವಳು ಕಂಡಳು: ಯಾವುದೋ ಮನೆಯಲ್ಲಿ, ಸತ್ತ ಅಕ್ಕನ ಹೆಸರು ಎತ್ತುವಂತಿಲ್ಲದೆ, ಬಾಯಿ ಕಟ್ಟಿಕೊಂಡು ಕೂತ ಹದಿಮೂರರ ಹುಡುಗಿ. ಅವಳ ಪಕ್ಕಕ್ಕೆ ಮಣೆ ಎಳೆದುಕೊಳ್ಳಲು ಯಾರೂ ಬರಲಿಲ್ಲ. ಈಗ ಅವಳ ಅಜ್ಜಿಯಾಗುವಷ್ಟು ವಯಸ್ಸಾದ ನಾನು, ಆ ಮಗುವಿಗಾಗಿ ಕಣ್ಣೀರು ಹಾಕಿದೆ.