ಮಂದಿ ಇಳಿದುಕೊಳ್ಳುತ್ತಿದ್ದ ಮನೆ

ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ನೀರು ಗಂಟಲಲ್ಲಿ ಇಳಿಯುವುದಿಲ್ಲ. ನಿಮಗೂ ನೆನಪು ಕೆದಕುವ ಅಂಥದೊಂದು ವಾಸನೆ ಇದ್ದೀತು. ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯಲ್ಲಿದ್ದ ನಮ್ಮ ಆ ಮನೆಯನ್ನು ಕೆಡವಿ ಎಷ್ಟೋ ವರ್ಷಗಳಾದವು. ಹುಣ್ಣಿವೆಗೊಮ್ಮೆ ಹೊಳೆಯ ಸ್ನಾನಕ್ಕೆಂದು ಸೊಲ್ಲಾಪುರದ ಕಡೆಯ ಮಂದಿ ಬಂದು ಅಲ್ಲೇ ಇಳಿದುಕೊಳ್ಳುತ್ತಿದ್ದರು. ಎಂಬತ್ತರ ದಶಕದಲ್ಲಿ ಬಸ್ಸುಗಳು ಹೆಚ್ಚಾದವು. ಹತ್ತು ಮಂದಿ ಮಲಗುವ ಪಡಸಾಲೆಯಲ್ಲಿ ಅರವತ್ತು ಮಂದಿ. ಒದ್ದೆ ಸೀರೆಯ, ಕರಿದ ಎಣ್ಣೆಯ, ಬೆವರಿನ ವಾಸನೆ ಮನೆ ತುಂಬ. ನನಗಂತೂ ಅದೇ ಹಬ್ಬ. ಅಡಿಗೆಮನೆಯಲ್ಲಿ ಅವ್ವನ ಜೊತೆ ದುಡಿಯುತ್ತಿದ್ದವಳು ಕಾಕು, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, "ತಿನ್ನ ಬೇ, ನಿಮ್ಮಾಯಿ ನೋಡೂದ್ರಾಗ" ಎಂದು ನನ್ನ ಕೈಗಿಡುತ್ತಿದ್ದಳು. ಆಯಿ ಅಂದರೆ ನನ್ನ ಅಜ್ಜಿ.

ಬಂದವರನ್ನು ಬಿಸಿಲಲ್ಲಿ ದೂರ ನಡೆಸಬಾರದೆಂದು ಅಪ್ಪ ಹಿತ್ತಲಲ್ಲಿ, ಬಾವಿಗಿಂತ ಎತ್ತರದ ಜಾಗದಲ್ಲೇ ಪಾಯಖಾನೆ ಗುಂಡಿ ತೋಡಿಸಿದ. ಮರ್ಯಾದೆ ಮಾಡಲು ಹೋಗಿ ಮಾಡಿಕೊಂಡ ಘಾತ ಅದು. ಮಳೆಗಾಲದ ಒಂದು ಹುಣ್ಣಿವೆಗೆ ಗುಂಡಿ ತುಂಬಿ ಹೊಲಸು ಬಾವಿಗೆ ಇಳಿಯಿತು. ಮನೆ ತುಂಬ ವಾಂತಿ-ಭೇದಿ. ಕಾಕು ಎಲ್ಲರಿಗೂ ಉಪ್ಪು-ಸಕ್ಕರೆ ನೀರು ಕುಡಿಸುತ್ತ ಓಡಾಡಿದಳು. ಮನೆಯಲ್ಲಿ ಮಂದಿ ಇರುವಾಗ ಮನೆಯ ಹೆಂಗಸು ಹಾಸಿಗೆ ಹಿಡಿಯಬಾರದು ಎಂಬುದು ಆಯಿಯ ಕಟ್ಟಳೆ. ಕಾಕುವಿನ ಕಣ್ಣುಗಳು ಒಳಗೆ ಹೋಗಿದ್ದವು. "ನಿನಗೂ ಆಗ್ಯಾದೇನ ಕಾಕು?" ಎಂದೆ. "ಸುಮ್ನಿರ ಬೇ. ಮಂದಿ ಹೋಗ್ಲಿ, ಆಮ್ಯಾಲ ಮಲಗ್ತೇನಿ" ಎಂದಳು. ನಾನು ಸುಮ್ಮನಿದ್ದೆ. ಅಯ್ಯೋ, ಯಾಕಾದರೂ ಸುಮ್ಮನಿದ್ದೆನೋ! ಕೊನೆಯ ಬಸ್ಸು ಹೊರಟ ಮೇಲೆ ಒಲೆಯ ಮುಂದೆಯೇ ಕುಸಿದಳು. ಅಫಜಲಪುರದ ದವಾಖಾನೆ ಮುಟ್ಟುವ ಮೊದಲೇ ಜೀಪಿನಲ್ಲಿ ಜೀವ ಹೋಯಿತು. ಬಂದ ಮಂದಿಯೆಲ್ಲ ಬದುಕಿಕೊಂಡರು.

ಆಮೇಲೆ ಅಪ್ಪ ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿಸಿದ, ಗುಂಡಿ ಮುಚ್ಚಿಸಿದ, ಪಾಯಖಾನೆಯನ್ನು ಹೊಲದಾಚೆ ಕಟ್ಟಿಸಿದ. ಹುಣ್ಣಿವೆಗೆ ಎಂಟೇ ಮಂದಿ; ಕುಡಿಯಲು ಕಾಸಿದ ನೀರು; ತಂದ ಕಸ ತಾವೇ ಒಯ್ಯಬೇಕು. ಉಳಿದವರನ್ನು ಬಾಗಿಲಲ್ಲೇ ಕೈಮುಗಿದು ಕಳಿಸುತ್ತಿದ್ದ. ಮಂದಿ ತುಳಿದು ಬೋಳಾಗಿದ್ದ ಹಿತ್ತಲಲ್ಲಿ ಎರಡು ವರ್ಷಕ್ಕೆ ಹುಲ್ಲು ಚಿಗುರಿತು. ಆ ಹಸಿರು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಸೊಲ್ಲಾಪುರದ ಹೆಣ್ಣುಮಗಳೊಬ್ಬಳು ಪಡಸಾಲೆಯಲ್ಲಿ ಕಾಲು ಚಾಚಿ ಕೂತು, "ಎಷ್ಟ ಸ್ವಚ್ಛ, ಎಷ್ಟ ಶಾಂತ ಅದರಿ ನಿಮ್ಮನಿ! ಮೊದ್ಲಿಂದ ಹಿಂಗ ಇತ್ತೇನ್ರಿ?" ಎಂದು ಕೇಳಿದಳು.

ಆಯಿ ಕಾಸಿದ ನೀರಿನ ತಂಬಿಗೆಯನ್ನು ಅವಳ ಮುಂದಿಟ್ಟಳು. "ಇಲ್ರೀ ಯವ್ವಾ. ಸೊಸೀನ್ನ ಮಣ್ಣ ಮಾಡಿ ಬಂದಮ್ಯಾಲ ಹಿಂಗ ಆಗ್ಯಾದ" ಎಂದಳು.

ಎಂಟು ಮಂದಿಯ ಅಡಿಗೆಗೆ ಈಗ ಅವ್ವ ಒಬ್ಬಳೇ ಸಾಕಾಗುತ್ತಿದ್ದಳು.